ಒಂದೇ ಉಪಕರಣ, ಎರಡು ಅಳತೆ

ಪ್ರಶ್ನೆ: ನಮ್ಮ ರೂಟರ್‌ನ ವಿಕಿರಣ ಹೊರಸೂಸುವಿಕೆ (ಅದು ಗಾಳಿಗೆ ಹೊರಬಿಡುವ ಅನಗತ್ಯ ರೇಡಿಯೊ ತರಂಗಗಳು) 100 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಒಂದು ಪ್ರಯೋಗಾಲಯದಲ್ಲಿ ಮಿತಿಗಿಂತ 2 ಡೆಸಿಬೆಲ್ ಕಡಿಮೆ, ಇನ್ನೊಂದರಲ್ಲಿ 1 ಡೆಸಿಬೆಲ್ ಹೆಚ್ಚು ಬಂದಿದೆ. ಯಾವುದನ್ನು ನಂಬಬೇಕು?

ಉತ್ತರ: ಎರಡೂ ಸರಿಯಾದ ಅಳತೆಗಳೇ ಆಗಿರಬಹುದು. 30ರಿಂದ 1000 ಮೆಗಾಹರ್ಟ್ಸ್ ವ್ಯಾಪ್ತಿಯ ಈ ಪರೀಕ್ಷೆಗೆ ಸಿಸ್ಪರ್ (ರೇಡಿಯೊ ಅಡಚಣೆ ಕುರಿತ ಅಂತರರಾಷ್ಟ್ರೀಯ ಸಮಿತಿ) 16-4-2 ಮಾನದಂಡವು ಮಾಪನ ಉಪಕರಣಗಳ ಅನಿಶ್ಚಿತತೆಯನ್ನು, ಅಂದರೆ ಅಳತೆಯಲ್ಲಿ ಇರಬಹುದಾದ ಏರುಪೇರನ್ನು, 6.3 ಡೆಸಿಬೆಲ್ ಎಂದು ಗುರುತಿಸಿದೆ. ಪರೀಕ್ಷಾ ತಾಣದ ಕ್ಷೀಣತೆಯೊಂದೇ (ಅಲ್ಲಿ ಒಂದು ಆಂಟೆನಾದಿಂದ ಇನ್ನೊಂದಕ್ಕೆ ತಲುಪುವಷ್ಟರಲ್ಲಿ ಸಂಕೇತ ಕುಗ್ಗುವ ಪ್ರಮಾಣ) ಸೈದ್ಧಾಂತಿಕ ಮೌಲ್ಯಕ್ಕಿಂತ 4 ಡೆಸಿಬೆಲ್‌ವರೆಗೆ ಆಚೀಚೆ ಇರಲು ಅವಕಾಶವಿದೆ. ಪ್ರಯೋಗಾಲಯದ ಅನಿಶ್ಚಿತತೆ 6.3ರೊಳಗಿದ್ದರೆ ಅಳೆದ ಮೌಲ್ಯವನ್ನು ಹಾಗೆಯೇ ಮಿತಿಯೊಡನೆ ಹೋಲಿಸುತ್ತಾರೆ, ಮೀರಿದ್ದರೆ ಆ ಹೆಚ್ಚುವರಿ ಭಾಗವನ್ನು ಮಾತ್ರ ಅಳತೆಗೆ ಕೂಡಿಸುತ್ತಾರೆ. ಹಾಗಾಗಿ ಒಂದು ವರದಿಯಲ್ಲಿ ತೇರ್ಗಡೆ, ಇನ್ನೊಂದರಲ್ಲಿ ಅನುತ್ತೀರ್ಣ ಎಂದು ಬರುವುದು ನಿಯಮಬಾಹಿರವಲ್ಲ.

ಆದರೆ ನನ್ನ ಅನುಮಾನ ಕೇಬಲ್‌ಗಳ ಮೇಲೆಯೇ ಹೆಚ್ಚು, ಏಕೆಂದರೆ ಅವುಗಳ ಜೋಡಣೆಯಿಂದಾಗುವ ವ್ಯತ್ಯಾಸ ಆ 6.3ರಲ್ಲಿ ಸೇರಿಲ್ಲ. 100 ಮೆಗಾಹರ್ಟ್ಸ್‌ನಲ್ಲಿ ತರಂಗದೂರ 3 ಮೀಟರ್. ಅದರ ಕಾಲುಭಾಗ, ಅಂದರೆ 75 ಸೆಂಟಿಮೀಟರ್. 80 ಸೆಂಟಿಮೀಟರ್ ಎತ್ತರದ ಮೇಜಿನಿಂದ ನೆಲಕ್ಕೆ ಇಳಿಬಿದ್ದ ತಂತಿ ಹೆಚ್ಚುಕಡಿಮೆ ಅಷ್ಟೇ ಉದ್ದವಿರುವುದರಿಂದ ಅದು ಸೊಗಸಾದ ಆಂಟೆನಾ ಆಗಿಬಿಡುತ್ತದೆ. ಹೆಚ್ಚುವರಿ ತಂತಿಯನ್ನು ಒಬ್ಬರು 30–40 ಸೆಂಟಿಮೀಟರ್‌ಗಳ ಕಟ್ಟಾಗಿ ಮಡಚಿ, ಇನ್ನೊಬ್ಬರು ಹಾಗೆಯೇ ನೆಲಕ್ಕೆ ಬಿಟ್ಟಿದ್ದರೆ ಫಲಿತಾಂಶ ಖಂಡಿತ ಬದಲಾಗಬಹುದು.

ಎರಡೂ ವರದಿಗಳಲ್ಲಿರುವ ಜೋಡಣೆಯ ಛಾಯಾಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, ಒಂದೇ ಜೋಡಣೆಯಲ್ಲಿ ಮರುಪರೀಕ್ಷೆ ಕೇಳಿ. ವಿನ್ಯಾಸದಲ್ಲಂತೂ ಮಿತಿಗಿಂತ 6 ಡೆಸಿಬೆಲ್‌ನಷ್ಟಾದರೂ ಅಂತರ ಇಟ್ಟುಕೊಳ್ಳುವುದು ಕ್ಷೇಮ.