ಲೈಟ್ ಉರಿಯುತ್ತಿದೆ ಅಂದರೆ ವೈರಿಂಗ್ ಚೆನ್ನಾಗಿದೆ ಅಂತಲ್ಲ

ಮನೆ ವೈರಿಂಗ್‌ಗೆ 28 ವರ್ಷ. ಲೈಟು, ಫ್ಯಾನು, ಏಸಿ ಎಲ್ಲಾ ಸರಿಯಾಗಿವೆ. ಆದರೂ ಬದಲಿಸಬೇಕಾ? (ರಾಯಚೂರು)

ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ. ಲೈಟ್ ಉರಿಯಲು ಒಳಗಿನ ತಾಮ್ರ ಚೆನ್ನಾಗಿದ್ದರೆ ಸಾಕು. ವಯಸ್ಸಾಗುವುದು ಮೇಲಿನ ಪಿವಿಸಿ ಪ್ಲಾಸ್ಟಿಕ್ ಹೊದಿಕೆಗೆ. ಪಿವಿಸಿ ಮೂಲದಲ್ಲಿ ಗಟ್ಟಿ, ನೀರಿನ ಪೈಪ್ ನೋಡಿ. ವೈರಿಗಾಗಿ ಅದಕ್ಕೆ ಎಣ್ಣೆಯಂಥ ಪ್ಲಾಸ್ಟಿಸೈಜರ್ ಬೆರೆಸಿ ಮೆತ್ತಗೆ ಮಾಡುತ್ತಾರೆ. ಅದು ವರ್ಷಗಟ್ಟಲೆ ನಿಧಾನಕ್ಕೆ ಹೊರಗೆ ಹೋಗುತ್ತಿರುತ್ತದೆ, ಹೊದಿಕೆ ಮತ್ತೆ ಗಟ್ಟಿಯಾಗುತ್ತದೆ. 10 ಡಿಗ್ರಿ ಬಿಸಿ ಏರಿದರೆ ಆಯಸ್ಸು ಅರ್ಧ, ಇದು ನಮ್ಮ ಕೆಲಸದಲ್ಲಿ ಹಿಡಿಯುವ ಅಂದಾಜು. ಮಾಮೂಲಿ ಪಿವಿಸಿ ವೈರಿಗೆ ಮಿತಿ 70 ಡಿಗ್ರಿ. ರಾಯಚೂರಿನ ಮೇ ತಿಂಗಳಲ್ಲಿ ನೆರಳಲ್ಲೇ 42 ದಾಟುತ್ತದೆ, ಕಾದ ಛಾವಣಿಯೊಳಗಿನ ವೈರಿಂಗ್ ಪೈಪಿನಲ್ಲಿ ಇನ್ನೂ ಜಾಸ್ತಿ. ಅದರ ಮೇಲೆ ಏಸಿ ಲೋಡು ಬೇರೆ. ಕರೆಂಟ್ ಎರಡು ಪಟ್ಟಾದರೆ ವೈರಿನ ಬಿಸಿ ನಾಲ್ಕು ಪಟ್ಟು.

ಇತ್ತೀಚೆಗೆ ಒಂದು ಮನೆಯಲ್ಲಿ ಮೇನ್ ಆಫ್ ಮಾಡಿ ಏಸಿ ಸಾಕೆಟ್ ಬಿಚ್ಚಿದೆ. ವೈರನ್ನು ಸ್ವಲ್ಪ ಬಗ್ಗಿಸಿದ್ದಷ್ಟೇ, ಹೊದಿಕೆ ಒಣ ಸಂಡಿಗೆ ಥರ ಪಟ್ಟಂತ ಮುರಿದು ಅಂಗೈಗೆ ಬಿತ್ತು. ಸ್ಕ್ರೂ ಸಡಿಲವಾಗಿತ್ತು, ಸುತ್ತ ಕಂದು ಕಲೆ. ಎರಡು ಇಂಚು ಹಿಂದಕ್ಕೆ ಅದೇ ವೈರ್ ಮೆತ್ತಗಿತ್ತು. ಹೀಗಿದ್ದರೆ ಸುಟ್ಟ ತುದಿ ಕತ್ತರಿಸಿ, ಹೊಸದಾಗಿ ಬಿಗಿದರೆ ಸಾಕು. ಪೈಪಿನೊಳಗೂ ಗಟ್ಟಿಯಾಗಿದ್ದರೆ ಆ ಲೈನ್ ಪೂರ್ತಿ ತೆಗೆಯಲೇಬೇಕು.

ಮೆಗ್ಗರ್ ಟೆಸ್ಟ್ (ಹೊದಿಕೆಯಿಂದ ಕರೆಂಟ್ ಸೋರುತ್ತಾ ಅಂತ ನೋಡುವ ಪರೀಕ್ಷೆ) ಪಾಸಾಯಿತು ಅಂತ ನಿಶ್ಚಿಂತೆಯಿಂದ ಇರಬೇಡಿ. ಬಿರುಕು ಬಿಟ್ಟ ವೈರ್ ಕೂಡ ಒಣ ಬೇಸಿಗೆಯಲ್ಲಿ ಒಳ್ಳೆ ರೀಡಿಂಗ್ ಕೊಡುತ್ತದೆ. ಮಳೆಗಾಲದಲ್ಲಿ ಗೋಡೆ ನೆನೆದಾಗ ಇನ್ನೊಮ್ಮೆ ನೋಡಿಸಿ. ನನ್ನ ಮನೆಯಾದರೆ 25 ವರ್ಷ ದಾಟಿದ ಏಸಿ, ಗೀಸರ್ ಲೈನನ್ನು ಟೆಸ್ಟಿಗೂ ಕಾಯದೆ ಬದಲಿಸುತ್ತೇನೆ. ಜತೆಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇರಲೇಬೇಕು.

ಎಂಸಿಬಿ ಪದೇ ಪದೇ ಬೀಳುತ್ತಿತ್ತು. ಎಲೆಕ್ಟ್ರಿಷಿಯನ್ 32 ಆಂಪ್ ಹಾಕಿಕೊಟ್ಟರು, ಈಗ ತೊಂದರೆ ಇಲ್ಲ. (ಬಳ್ಳಾರಿ)

ತೊಂದರೆ ಈಗಲೇ ಶುರುವಾಗಿದ್ದು! ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದಾಗ ತಾನೇ ಆಫ್ ಆಗುವ ಸ್ವಿಚ್, ಅದು ಬೀಳುವುದು ವೈರ್ ಉಳಿಸಲು. ಒಂದೂವರೆ ಚದರ ಎಂಎಂ ವೈರಿಗೆ 32 ಆಂಪ್ ಹಾಕಿದರೆ ಮೊದಲು ಬೇಯುವುದು ವೈರೇ. ಇವತ್ತೇ ತೆಗೆಸಿ. ಹಾಗೆ ಹಾಕಿದವರನ್ನು ಮತ್ತೆ ಕರೆಯಬೇಡಿ.

ಗಟ್ಟಿಯಾದ ವೈರಿಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ಮೆತ್ತಗಾಗುತ್ತಾ? (ಕೊಪ್ಪಳ)

ಇಲ್ಲ. ಯಾರು ಹೇಳಿದರೂ ನಂಬಬೇಡಿ.

ಫಾಲ್ಸ್ ಸೀಲಿಂಗ್ ಥರ್ಮಾಕೋಲಿಗೆ ವೈರ್ ಅಂಟಿಕೊಂಡಿದೆ. (ಸಿಂಧನೂರು)

ಥರ್ಮಾಕೋಲ್ ವೈರಿನ ಪ್ಲಾಸ್ಟಿಸೈಜರನ್ನು ಹೀರಿಕೊಂಡಿದೆ. ಅಷ್ಟು ಉದ್ದದ ವೈರ್ ಬದಲಿಸಿ, ಹೊಸದನ್ನು ಪೈಪಿನೊಳಗೆ ಎಳೆಸಿ.