ಚೀಟಿ ಎತ್ತಿದರೆ ಆಫ್ರಿಕಾದವೇ ಬರುತ್ತವೆ, ಏಕೆ?

ಪ್ರಶ್ನೆ: ಏಳನೇ ತರಗತಿ ಮಕ್ಕಳಿಂದ ದೇಶದ ಚೀಟಿ ಎತ್ತಿಸಿ, ಭೂಪಟದಲ್ಲಿ ಹುಡುಕಿಸಿ, ಚೀಟಿಯನ್ನು ಮಡಚಿ ಮತ್ತೆ ಡಬ್ಬಿಗೇ ಹಾಕಿಸುತ್ತೇನೆ. ಬಂದ ದೇಶವೇ ಮತ್ತೆ ಬರುತ್ತದೆ, ಆಫ್ರಿಕಾದವೇ ಜಾಸ್ತಿ. ಮೊದಲು ದಾಳ ಹಾಕಿ ಖಂಡ ಆರಿಸಿದರೆ ಸರಿಹೋದೀತೇ?
– ಓರ್ವ ಶಿಕ್ಷಕಿ, ಹಾವೇರಿ

ಉತ್ತರ: ವಿಶ್ವಸಂಸ್ಥೆಯ 193 ಸದಸ್ಯ ದೇಶಗಳಲ್ಲಿ 54 ಆಫ್ರಿಕಾದವು, ದಕ್ಷಿಣ ಅಮೆರಿಕದವು 12. ಹಾಗಾಗಿ ನಿಮ್ಮ ಡಬ್ಬಿ ಸರಿಯಾಗಿಯೇ ಇದೆ. ದಾಳ ಹಾಕಿದರೆ ದಕ್ಷಿಣ ಅಮೆರಿಕದ ಒಂದೊಂದು ದೇಶವೂ ಆಫ್ರಿಕಾದ ಒಂದೊಂದು ದೇಶಕ್ಕಿಂತ ನಾಲ್ಕೂವರೆ ಪಟ್ಟು ಹೆಚ್ಚು ಸಲ ಬರುತ್ತದೆ. ಮಕ್ಕಳಿಗೆ ಪರಿಚಯ ಕಡಿಮೆ ಇರುವುದೇ ಆಫ್ರಿಕಾದ್ದು. ಅದನ್ನು ಹಿಂದೆ ಸರಿಸಬೇಡಿ.

ತೊಂದರೆ ಇರುವುದು ಚೀಟಿ ವಾಪಸ್ ಹಾಕುವುದರಲ್ಲಿ. ಹಾಗೆ ಮಾಡಿದರೆ 17 ಸಲ ಎತ್ತುವಷ್ಟರಲ್ಲೇ ಯಾವುದಾದರೊಂದು ದೇಶ ಎರಡನೇ ಸಲ ಬರುವ ಸಾಧ್ಯತೆ ಅರ್ಧ ದಾಟುತ್ತದೆ. ಎರಡು ಡಬ್ಬಿ ಇಡಿ. ಮಗು ಸರಿಯಾಗಿ ತೋರಿಸಿದ ಚೀಟಿ ಎರಡನೆಯದಕ್ಕೆ, ತಪ್ಪಿದ್ದು ಮಾತ್ರ ಮೊದಲಿನದಕ್ಕೆ. ಆಗ ಮತ್ತೆ ಮತ್ತೆ ಬರುವುದು ಕಲಿಯಬೇಕಾದ ದೇಶವೇ.

ಎ4 ಹಾಳೆಯಲ್ಲಿ ಅಡ್ಡಕ್ಕೆ 5, ಉದ್ದಕ್ಕೆ 10 ಚೀಟಿ ಮಾಡಿದರೆ ನಾಲ್ಕು ಹಾಳೆಗೆ 200 ಆಗುತ್ತವೆ. ಉಳಿದ ಏಳರಲ್ಲಿ ಎರಡನ್ನು ಸದಸ್ಯರಲ್ಲದ ವ್ಯಾಟಿಕನ್, ಪ್ಯಾಲೆಸ್ಟೀನ್‌ಗೆ ಬಳಸಿ. ಎಲ್ಲವನ್ನೂ ಎರಡೇ ಮಡಿಕೆ ಮಡಚಿ. ದಪ್ಪ ಮಡಿಕೆ ಬೆರಳಿಗೆ ಸಿಕ್ಕಿಬಿಡುತ್ತದೆ. ಕಾಂಗೋ ಹೆಸರಿನ ದೇಶಗಳು ಎರಡಿವೆ. ಕಾಂಗೋ ಎಂದಷ್ಟೇ ಬರೆದರೆ ಜಗಳ ಗ್ಯಾರಂಟಿ, ರಾಜಧಾನಿಯನ್ನೂ ಸೇರಿಸಿ: ಕಿನ್ಶಾಸಾ, ಬ್ರಾಜ಼ವಿಲ್. ಗೋಡೆಯ ಭೂಪಟ 2011ಕ್ಕಿಂತ ಹಳೆಯದಾದರೆ ಅದರಲ್ಲಿ ದಕ್ಷಿಣ ಸುಡಾನ್ ಇರುವುದಿಲ್ಲ, ಮೊದಲೇ ಪೆನ್ಸಿಲ್‌ನಲ್ಲಿ ಗೆರೆ ಎಳೆದಿಡಿ. ಸ್ವಾಜಿಲ್ಯಾಂಡ್ 2018ರಿಂದ ಎಸ್ವಾಟಿನಿ.

ಪ್ರಶ್ನೆ: ಮನೆಯಲ್ಲಿ ಇಬ್ಬರೇ ಮಕ್ಕಳು. ಬರೀ ಹುಡುಕುವ ಆಟ ಬೇಜಾರಾಗಿದೆ. ಅದೇ ಚೀಟಿಗಳಿಂದ ಬೇರೆ ಆಟ?
– ಓದುಗರೊಬ್ಬರು, ಶಿರಸಿ

ಉತ್ತರ: ‘ನೆಲದ ದಾರಿ’ ಆಡಿಸಿ. ಭಾರತದಿಂದ ಹೊರಟು, ಗಡಿ ಹಂಚಿಕೊಂಡ ದೇಶಗಳ ಮೂಲಕವೇ ಚೀಟಿಯ ದೇಶ ಮುಟ್ಟಬೇಕು. ನಡುವೆ ಕಡಿಮೆ ದೇಶ ದಾಟಿದವರು ಗೆದ್ದಂತೆ. ನಾರ್ವೆ ಬಂತೆನ್ನಿ. ಮಕ್ಕಳು ಪಾಕಿಸ್ತಾನ, ಇರಾನ್, ಟರ್ಕಿ ಎಂದು ಹೊರಟು ಎಂಟು-ಹತ್ತು ದೇಶ ಸುತ್ತುತ್ತಾರೆ. ಚೀನಾ, ರಷ್ಯಾ ದಾಟಿದರೆ ಮುಗಿಯಿತು, ಅದರಾಚೆ ನಾರ್ವೆಯೇ! ರಷ್ಯಾ ಎಷ್ಟು ಉದ್ದದ ದೇಶ ಎಂದು ಮಗುವಿಗೆ ನಿಜವಾಗಿ ಹೊಳೆಯುವುದು ಆ ಕ್ಷಣದಲ್ಲಿ.

ಶ್ರೀಲಂಕಾ, ಜಪಾನ್, ಮಡಗಾಸ್ಕರ್‌ನಂಥ ದ್ವೀಪಗಳನ್ನು ಮೊದಲೇ ತೆಗೆದಿಡಿ. ಅಮೆರಿಕ ಖಂಡಗಳ ಚೀಟಿ ಇಡುವುದಾದರೆ ಒಂದು ನಿಯಮ ಮುಂಚೆಯೇ ಗೊತ್ತುಮಾಡಿ: ಫ್ರೆಂಚ್ ಗಯಾನಾ ಫ್ರಾನ್ಸಿನದೇ ಭಾಗವಾದ್ದರಿಂದ ಫ್ರಾನ್ಸಿಗೂ ಬ್ರೆಜಿಲ್‌ಗೂ ನೆಲದ ಗಡಿ ಇದೆ. ಈ ನೆಗೆತಕ್ಕೆ ಒಪ್ಪಿಗೆ ಇದೆಯೋ ಇಲ್ಲವೋ ಆಟಕ್ಕೆ ಮುಂಚೆ ಹೇಳಿಬಿಡಿ.