ಮಲಗುವ ಹೊತ್ತಿನ ವಿಚಿತ್ರ ಶಿಕ್ಷೆಗಳಿಂದ ಮಕ್ಕಳು ತಿದ್ದಿಕೊಳ್ಳುತ್ತಾರೆಯೇ?

ಏಳು ವರ್ಷದ ಮಗ ಹಗಲೆಲ್ಲ ಮಾತು ಕೇಳುವುದಿಲ್ಲ ಎಂದು ಬರೆದಿದ್ದೀರಿ. ದಿಂಬು, ಹೊದಿಕೆ ಕೊಡದೆ ನೆಲದ ಮೇಲೆ ಮಲಗಿಸುವುದು, ಗೋಡೆಗೆ ಮುಖ ಮಾಡಿ ನಿಲ್ಲಿಸಿ ಮಾಡಿದ ತಪ್ಪನ್ನು ನೂರು ಸಲ ಹೇಳಿಸಿದ ಮೇಲೆಯೇ ಮಲಗಲು ಬಿಡುವುದು, ಅಷ್ಟಕ್ಕೂ ಬಗ್ಗದಿದ್ದರೆ ರಾತ್ರಿಯ ಕಥೆಯನ್ನು ನಿಲ್ಲಿಸುವುದು: ಇವೆಲ್ಲ ನಿಮ್ಮ ಸಂಬಂಧಿಕರೊಬ್ಬರ ಸಲಹೆ. ಗೋಡೆಯ ಶಿಕ್ಷೆಯನ್ನು ಮಾಡಿ ನೋಡಿದ್ದೀರಿ, ‘ಪರಿಣಾಮ ಕಂಡಿತು’ ಎನ್ನುತ್ತೀರಿ. ಮುಂದುವರಿಸಬಹುದೇ ಎಂಬುದು ಪ್ರಶ್ನೆ.

ಬೇಡ. ಹೊಡೆಯುವುದಕ್ಕಿಂತ ಇದು ವಾಸಿಯಲ್ಲವೇ ಎಂಬ ಸಮಾಧಾನವನ್ನೂ ಇಟ್ಟುಕೊಳ್ಳಬೇಡಿ.

ನಾನು ಚಿಕ್ಕ ತರಗತಿಗಳಿಗೆ ಪಾಠ ಹೇಳುವವಳು. ರಾತ್ರಿ ನಿಮ್ಮ ಮನೆಯಲ್ಲಿ ನಡೆದದ್ದರ ಉತ್ತರಾರ್ಧವನ್ನು ಮರುದಿನ ನೋಡುವವಳು ನನ್ನಂಥವಳು. ಆದ್ದರಿಂದ ನೀವು ಕಂಡ ‘ಪರಿಣಾಮ’ದಿಂದಲೇ ಆರಂಭಿಸುತ್ತೇನೆ. ಶಿಕ್ಷೆ ಮುಗಿದ ಸ್ವಲ್ಪ ಹೊತ್ತಿಗೆ ಮಗು ನಿದ್ದೆ ಹೋಗುತ್ತದೆ, ಮನೆ ಶಾಂತವಾಗುತ್ತದೆ. ಆ ಶಾಂತಿಯ ಶ್ರೇಯಸ್ಸು ಶಿಕ್ಷೆಗೆ ಸಲ್ಲುತ್ತದೆ. ಶಿಕ್ಷೆ ಇಲ್ಲದಿದ್ದರೂ ಆ ಹೊತ್ತಿಗೆ ಮಗು ಮಲಗಿಯೇ ಇರುತ್ತಿತ್ತು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಹಗಲಿನಲ್ಲಿ ಕೊಟ್ಟ ಶಿಕ್ಷೆ ಫಲಿಸಲಿಲ್ಲವೆಂದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ರಾತ್ರಿಯ ಶಿಕ್ಷೆ ಎಂದೂ ಸೋತಂತೆ ಕಾಣುವುದಿಲ್ಲ. ಬೆಳಿಗ್ಗೆ ಮಂಕಾಗಿ ಎದ್ದ ಮಗು ಸದ್ದಿಲ್ಲದೆ ಹೊರಟರೆ ಅದೂ ವಿಧೇಯತೆಯೆಂದೇ ಲೆಕ್ಕಕ್ಕೆ ಬರುತ್ತದೆ.

ಉಳಿದದ್ದು ತರಗತಿಯಲ್ಲಿ ಬಿಚ್ಚಿಕೊಳ್ಳುತ್ತದೆ. ನಿದ್ದೆಗೆಟ್ಟ ದೊಡ್ಡವರು ಆಕಳಿಸುತ್ತಾರೆ, ತೂಕಡಿಸುತ್ತಾರೆ. ನಿದ್ದೆಗೆಟ್ಟ ಎಷ್ಟೋ ಮಕ್ಕಳು ಇದಕ್ಕೆ ತದ್ವಿರುದ್ಧ: ಕುಳಿತಲ್ಲಿ ಕುಳಿತಿರುವುದಿಲ್ಲ, ಪಕ್ಕದವನ ಪೆನ್ಸಿಲ್ ಕಸಿಯುತ್ತಾರೆ, ಸಣ್ಣ ಮಾತಿಗೆ ಅಳುತ್ತಾರೆ. ಅಂದರೆ ಯಾವ ಹಟಮಾರಿತನಕ್ಕೆ ಶಿಕ್ಷೆ ಕೊಟ್ಟಿರೋ ಅದನ್ನೇ ಮರುದಿನಕ್ಕೆ ಹೊಸದಾಗಿ ಸಿದ್ಧಪಡಿಸಿ ಕಳುಹಿಸಿದಂತಾಯಿತು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ಬೆಳಿಗ್ಗೆ ಆರೂವರೆಗೆ ಏಳುವ ಮಗು ತಡವೆಂದರೂ ಒಂಬತ್ತೂವರೆಗೆ ನಿದ್ದೆ ಹೋಗಿರಬೇಕು. ಗೋಡೆಯ ಮುಂದೆ ನಿಂತ ಹೊತ್ತನ್ನು ಕಳೆಯುವುದು ಈ ಲೆಕ್ಕದಿಂದಲೇ.

ಇನ್ನು ಸಮಯದ ಮಾತು. ತಪ್ಪು ನಡೆದದ್ದು ಮಧ್ಯಾಹ್ನ, ಶಿಕ್ಷೆ ರಾತ್ರಿ. ತಪ್ಪಿಗೂ ಅದರ ಫಲಕ್ಕೂ ನಡುವೆ ಹೊತ್ತು ಹೆಚ್ಚಾದಷ್ಟೂ ಮಗುವಿನ ಮನಸ್ಸಿನಲ್ಲಿ ಅವೆರಡರ ನಂಟು ಸಡಿಲವಾಗುತ್ತದೆ. ಅದೂ ಅಲ್ಲದೆ, ಮಧ್ಯಾಹ್ನವೇ ‘ಇವತ್ತು ರಾತ್ರಿ ನಿನಗಿದೆ’ ಎಂದು ಘೋಷಿಸಿಬಿಟ್ಟರೆ ಮಿಕ್ಕ ದಿನ ಸರಿಯಾಗಿ ನಡೆದುಕೊಳ್ಳಲು ಮಗುವಿಗೆ ಕಾರಣವೇ ಉಳಿಯುವುದಿಲ್ಲ. ಹೇಗಿದ್ದರೂ ಶಿಕ್ಷೆ ಕಟ್ಟಿಟ್ಟ ಬುತ್ತಿ ಎಂದಮೇಲೆ ಇನ್ನೊಂದು ಕಿತಾಪತಿಗೆ ಹೆಚ್ಚಿನ ಖರ್ಚೇನೂ ಇಲ್ಲ. ಏಳು ವರ್ಷದವರಿಗೆ ಈ ಲೆಕ್ಕ ಚೆನ್ನಾಗಿ ಬರುತ್ತದೆ.

ಹಗಲಿನ ತಪ್ಪಿಗೆ ನಿದ್ದೆಯನ್ನು ದಂಡಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಬರೆಯ ಕಲೆ ಬೇಗ ಹೋಗುವುದೂ ಇಲ್ಲ. ನಿದ್ದೆ ಬಾರದ ವಯಸ್ಕರಿಗಾಗಿ ರಿಚರ್ಡ್ ಬೂಟ್ಜಿನ್ ಎಂಬ ಮನೋವಿಜ್ಞಾನಿ 1972ರಲ್ಲಿ ಒಂದು ಚಿಕಿತ್ಸೆಯನ್ನು ವಿವರಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ. ಅದರ ತಿರುಳು ಇಷ್ಟೇ: ಹಾಸಿಗೆ ನಿದ್ದೆಗೆ ಮಾತ್ರ. ನಿದ್ದೆ ಬಾರದೆ ಹೊರಳಾಡುತ್ತಿದ್ದರೆ ಎದ್ದು ಬೇರೆ ಕಡೆ ಹೋಗಿ, ಜೊಂಪು ಹತ್ತಿದಾಗ ಮರಳಿ ಬನ್ನಿ. ಹಾಸಿಗೆ ಎಂದರೆ ಕಳವಳ ಎಂದು ರೂಢಿಯಾಗಿರುವ ಮೈಯನ್ನು ಆ ರೂಢಿಯಿಂದ ಬಿಡಿಸಲು ದೊಡ್ಡವರು ವಾರಗಟ್ಟಲೆ ಪಾಡುಪಡುತ್ತಾರೆ. ನಿಮ್ಮ ಸಂಬಂಧಿಕರ ಸಲಹೆ ಅದೇ ರೂಢಿಯನ್ನು ಏಳನೆಯ ವಯಸ್ಸಿನಲ್ಲೇ ಹಾಕಿಕೊಡುವಂಥದ್ದು.

‘ಮೈಮುಟ್ಟಿಲ್ಲವಲ್ಲ’ ಎಂಬ ವಾದವನ್ನೂ ಅವರು ಹೂಡಬಹುದು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2006ರಲ್ಲಿ ನೀಡಿದ ವಿವರಣೆಯಲ್ಲಿ ಮಕ್ಕಳನ್ನು ಅಹಿತಕರ ಭಂಗಿಯಲ್ಲಿ ಇರುವಂತೆ ಬಲವಂತಪಡಿಸುವುದನ್ನು ದೈಹಿಕ ಶಿಕ್ಷೆಯ ಸಾಲಿಗೇ ಸೇರಿಸಿದೆ. ಹೆದರಿಸುವುದು, ಹೀಯಾಳಿಸುವುದು, ಅವಮಾನಿಸುವುದನ್ನೂ ಕ್ರೂರ ಶಿಕ್ಷೆಯೆಂದೇ ಪರಿಗಣಿಸಿದೆ. ‘ನಾವೆಲ್ಲ ಹೀಗೇ ಬೆಳೆದೆವು’ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ, ತಾಳ್ಮೆಯೂ ಇಲ್ಲ. ಹಾಂ, ಮಗನ ತಪ್ಪುಗಳ ಪಟ್ಟಿಯಲ್ಲಿ ಹಾಸಿಗೆ ಒದ್ದೆ ಮಾಡುವುದೂ ಇದ್ದರೆ ಅದನ್ನು ಇವತ್ತೇ ಹೊಡೆದುಹಾಕಿ. ಅದು ಮಗು ಬೇಕೆಂದು ಮಾಡುವ ಕೆಲಸವಲ್ಲ, ಶಿಕ್ಷೆಯಿಂದ ನಿಲ್ಲುವುದೂ ಇಲ್ಲ.

ನಿಮ್ಮ ಪಟ್ಟಿಯಲ್ಲಿ ಅತ್ಯಂತ ಸೌಮ್ಯವಾಗಿ ಕಾಣುವುದು ಕಥೆ ನಿಲ್ಲಿಸುವ ಶಿಕ್ಷೆ. ನನಗೆ ಅತಿ ಹೆಚ್ಚು ಆಕ್ಷೇಪವಿರುವುದು ಅದಕ್ಕೇ. ಶಾಲೆಯಲ್ಲಿ ದೊಡ್ಡ ಹುಡುಗನೊಬ್ಬ ಕಾಟ ಕೊಡುತ್ತಿದ್ದಾನೆ, ಲೆಕ್ಕ ಅರ್ಥವಾಗುತ್ತಿಲ್ಲ, ಗೆಳೆಯ ಮಾತು ಬಿಟ್ಟಿದ್ದಾನೆ: ಇಂಥ ವಿಷಯಗಳನ್ನು ಹೆತ್ತವರು ನನ್ನ ಬಳಿ ತಂದಾಗಲೆಲ್ಲ ‘ಯಾವಾಗ ಹೇಳಿದ?’ ಎಂದು ಕೇಳುತ್ತೇನೆ. ‘ರಾತ್ರಿ ಮಲಗಿದ್ದಾಗ’ ಎಂಬ ಉತ್ತರವೇ ಹೆಚ್ಚು. ಹಗಲಿನ ಹಟಕ್ಕೆ ಕಾರಣವೇನೆಂದು ನಿಮಗೆ ತಿಳಿಯುವ ಅವಕಾಶ ಇರುವುದೇ ಆ ಅರ್ಧ ಗಂಟೆಯಲ್ಲಿ. ಅದನ್ನೇ ಮುಚ್ಚಿಬಿಟ್ಟರೆ ನಷ್ಟ ಯಾರಿಗೆ?

ಹಾಗಾದರೆ ಏನು ಮಾಡುವುದು? ಹಗಲಿನ ತಪ್ಪನ್ನು ಹಗಲಿನಲ್ಲೇ, ಆ ತಪ್ಪಿಗೆ ಸಂಬಂಧಪಟ್ಟಂತೆ ಮುಗಿಸಿ. ಚೆಲ್ಲಿದ್ದನ್ನು ಅವನೇ ಒರೆಸಲಿ, ಎಸೆದ ಆಟಿಕೆ ಸಂಜೆಯವರೆಗೆ ಅಟ್ಟದ ಮೇಲಿರಲಿ. ನಿನ್ನೆ ತಡವಾಗಿ ಮಲಗಿದ್ದಕ್ಕೆ ಇವತ್ತು ಇಪ್ಪತ್ತು ನಿಮಿಷ ಮುಂಚೆ ಮಲಗಿಸುವುದು ಬೇರೆ ವಿಷಯ. ಬೈಗುಳವಿಲ್ಲದೆ ಮಾಡಿದರೆ ಅದು ಶಿಕ್ಷೆಯಲ್ಲ, ಆರೈಕೆ. ಮಲಗುವ ಹೊತ್ತಿನಲ್ಲೇ ಕಿರಿಕಿರಿ ಇದ್ದರೆ, ನೀರು ಬೇಕು, ಇನ್ನೊಂದು ಸಲ ಅಪ್ಪಿಕೋ ಎಂದು ಮತ್ತೆ ಮತ್ತೆ ಎದ್ದು ಬರುತ್ತಿದ್ದರೆ, ಪ್ಯಾಟ್ರಿಕ್ ಫ್ರಿಮನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಉಪಾಯವೊಂದಿದೆ. ಮಗುವಿನ ಕೈಗೆ ಒಂದು ಚೀಟಿ ಕೊಡಿ. ಅದನ್ನು ಕೊಟ್ಟು ಒಮ್ಮೆ ಮಾತ್ರ ಹೊರಗೆ ಬರಬಹುದು, ಕೇಳಿದ್ದು ಸಿಗುತ್ತದೆ. ಆಮೇಲೆ ಚೀಟಿ ನಿಮ್ಮದು, ಕರೆಗೆ ಓಗೊಡುವಂತಿಲ್ಲ. ಅವರು ಮೊದಲು ಪ್ರಯೋಗಿಸಿದ್ದು 3 ಮತ್ತು 10 ವರ್ಷದ ಇಬ್ಬರು ಹುಡುಗರ ಮೇಲೆ. ತಮಾಷೆಯೆಂದರೆ, ಚೀಟಿ ಕೈಯಲ್ಲಿದೆ ಎಂಬ ಧೈರ್ಯಕ್ಕೇ ಎಷ್ಟೋ ಮಕ್ಕಳು ಅದನ್ನು ಬಳಸದೆ ನಿದ್ದೆ ಹೋಗುತ್ತಾರೆ.

ಇನ್ನೊಂದನ್ನು ಪರೀಕ್ಷಿಸಿ. ಮಗ ಗೊರಕೆ ಹೊಡೆಯುತ್ತಾನೆಯೇ, ಬಾಯಿ ತೆರೆದು ಉಸಿರಾಡುತ್ತಾನೆಯೇ? ಟಾನ್ಸಿಲ್ ಅಥವಾ ಅಡಿನಾಯ್ಡ್ ಊದಿಕೊಂಡು ರಾತ್ರಿಯಿಡೀ ಉಸಿರಿಗೆ ತಡೆಯಾಗುವ ಮಕ್ಕಳು ಹಗಲಿನಲ್ಲಿ ತುಂಟರಂತೆ, ಮಾತು ಕೇಳದವರಂತೆ ಕಾಣುವುದುಂಟು. ಹೌದೆಂದಾದರೆ ಶಿಸ್ತಿನ ಚರ್ಚೆಯನ್ನು ಬದಿಗಿಟ್ಟು ಮಕ್ಕಳ ವೈದ್ಯರಿಗೆ ತೋರಿಸಿ. ಅವನು ಮಲಗಿದ್ದಾಗಿನ ಸದ್ದನ್ನು ಮೊಬೈಲಿನಲ್ಲಿ ಒಂದೆರಡು ನಿಮಿಷ ಮುದ್ರಿಸಿಕೊಂಡು ಹೋದರೆ ಅವರಿಗೂ ಅನುಕೂಲ.